ಡೈನಾಮಿಕ್ ಅನಾಲಿಸಿಸ್ ರನ್ ಮುಗೀತಿಲ್ಲ, ಮುಗಿದ್ರೂ ಉತ್ತರ ನಂಬೋ ಹಂಗಿಲ್ಲ: ಎಲ್ಲಿಂದ ಹುಡುಕ್ಬೇಕು

ಮಂಡ್ಯ ಹತ್ರ ಒಂದು ಸಕ್ಕರೆ ಕಾರ್ಖಾನೆಯ ಪವರ್ ಹೌಸ್ ಶೆಡ್ಡು, ಅದ್ರೊಳಗೆ ಟರ್ಬೈನ್ ಜನರೇಟರ್ ಕೂತಿರೋ ಕಾಂಕ್ರೀಟ್ ಡೆಕ್ಕು. ಎರಡೂ ಒಂದೇ ರಾಫ್ಟ್ (ಚಪ್ಪಟೆ ಕಾಂಕ್ರೀಟ್ ಅಡಿಪಾಯ) ಮೇಲೆ ನಿಂತಿವೆ, ಪ್ಲಾಟ್‌ಫಾರ್ಮ್ ಬೀಮ್‌ಗಳು ಬೇರೆ ಅಲ್ಲಲ್ಲಿ ಡೆಕ್ ಮೇಲೆ ಕೂತಿವೆ, ಅದಕ್ಕೇ ಭೂಕಂಪಕ್ಕೂ ಮೆಷಿನ್ ತಿರುಗೋದಕ್ಕೂ ಇವು ಹೆಂಗೆ ಅಲ್ಲಾಡ್ತವೆ ಅಂತ ನೋಡೋಕೆ (ಅದೇ ಡೈನಾಮಿಕ್ ಅನಾಲಿಸಿಸ್) ಸೇರಿಸಿ ಒಂದೇ ಮಾಡೆಲ್ ಮಾಡಿದ್ದೆ, ಹತ್ರಹತ್ರ 2 ಲಕ್ಷ ಡಿಗ್ರಿ ಆಫ್ ಫ್ರೀಡಮ್ ಆಯ್ತು, ಅಂದ್ರೆ ಮಾಡೆಲ್‌ನ ನೋಡ್‌ಗಳು (ಬಿಂದುಗಳು) ಅಲ್ಲಾಡಬಹುದಾದ ದಿಕ್ಕುಗಳ ಒಟ್ಟು ಲೆಕ್ಕ. ಕಬ್ಬು ಅರೆಯೋ ಸೀಸನ್‌ನಲ್ಲಿ ಜನರೇಟರ್ ಪಕ್ಕ ನಿಂತ್ರೆ ಕಾಲಡಿ ಜುಮ್ ಅನ್ನುತ್ತೆ ಅಂತ ಅಲ್ಲಿನ ಆಪರೇಟರ್‌ಗಳು ಹೇಳ್ತಿದ್ರು, ನನ್ನ ಮಾಡೆಲ್ ನೋಡಿದ್ರೆ ಎಲ್ಲಾ ಚೆನ್ನಾಗಿದೆ ಅಂತಿತ್ತು, ಅದೂ ಮೈಸೂರಲ್ಲಿ ಮನೇಲಿ ಲ್ಯಾಪ್‌ಟಾಪ್ ರಾತ್ರಿಯೆಲ್ಲಾ ಓಡಿದ ಮೇಲೆ. ಇಬ್ಬರಲ್ಲಿ ಒಬ್ಬರು ತಪ್ಪು. ತಪ್ಪಿದ್ದು ಮಾಡೆಲ್ಲೇ, ಅದೂ ಒಂದಲ್ಲ, ಐದಾರು ಕಡೆ. ಅದನ್ನ ಹುಡುಕಿದ ದಾರಿ ಇಲ್ಲಿ ಬರೀತಿದ್ದೀನಿ, ಯಾಕಂದ್ರೆ ಇದೇ ತಪ್ಪುಗಳು ಅಪಾರ್ಟ್‌ಮೆಂಟ್, ಫ್ಲೈಓವರ್, ವಾಟರ್ ಟ್ಯಾಂಕ್, ಯಾವ ದೊಡ್ಡ ಮಾಡೆಲ್‌ನಲ್ಲೂ ಬರುತ್ತೆ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ರನ್ ನಿಧಾನ ಆದ್ರೆ ಎಲ್ರೂ ಮೊದಲು ರ‍್ಯಾಮ್ ಹಾಕ್ಸೋಕೆ ಹೋಗ್ತಾರೆ, ದಯವಿಟ್ಟು ಹೋಗ್ಬೇಡಿ. ನಿಧಾನ ಅನ್ನೋದು ಬಹಳ ಸಲ ಕಾಯಿಲೆ ಅಲ್ಲ, ಕಾಯಿಲೆಯ ಲಕ್ಷಣ. ಮಾಡೆಲ್ ಎಲ್ಲಿ ಬೇಡದ್ದನ್ನ ಲೆಕ್ಕ ಹಾಕ್ತಿದೆ ಅಂತ ಹುಡುಕಿದ್ರೆ ಸ್ಪೀಡೂ ಬರುತ್ತೆ, ಉತ್ತರಾನೂ ಸರಿಹೋಗುತ್ತೆ, ನನ್ನ ಅನುಭವದಲ್ಲಿ ಎರಡೂ ಒಟ್ಟಿಗೇ ಬಂದಿವೆ.

ಮೆಮೊರಿ ತುಂಬಿ ನಿಂತೋಗುತ್ತೆ

ಸ್ವಂತ ಪೈಥಾನ್ ಸ್ಕ್ರಿಪ್ಟ್ ಬರೆದಿರೋರು ಮೊದಲು ನೋಡ್ಬೇಕಾಗಿದ್ದು, ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್ (ಕಟ್ಟಡದ ಬಿಗಿತದ ಸಂಖ್ಯೆಗಳ ಕೋಷ್ಟಕ) ಎಲ್ಲಾದ್ರೂ ಗೊತ್ತಿಲ್ದಂಗೆ ಫುಲ್ ಮ್ಯಾಟ್ರಿಕ್ಸ್ ಆಗ್ತಿದ್ಯಾ ಅಂತ. 2 ಲಕ್ಷ ಸಾಲು, 2 ಲಕ್ಷ ಕಂಬಸಾಲು, ಒಂದೊಂದು ಸಂಖ್ಯೆಗೆ 8 ಬೈಟ್, ಲೆಕ್ಕ ಹಾಕಿ, 320 ಜಿಬಿ. ಅದೇ ಮ್ಯಾಟ್ರಿಕ್ಸ್‌ನ ಸ್ಪಾರ್ಸ್ ಆಗಿ, ಅಂದ್ರೆ ಸೊನ್ನೆಗಳನ್ನ ಬಿಟ್ಟು, ಇಟ್ರೆ ಸಾಲಿಗೆ 70 ಸೊನ್ನೆಯಲ್ಲದ ಸಂಖ್ಯೆ ಅಂದ್ಕೊಂಡ್ರೂ ಸಂಖ್ಯೆಗಳಿಗೆ 112 ಎಂಬಿ ಸಾಕು. ಸ್ಕ್ರಿಪ್ಟ್‌ನಲ್ಲಿ ಒಂದೇ ಒಂದು ಕಡೆ ಅದನ್ನ ಫುಲ್ ಅರೇ ಮಾಡಿದ್ರೂ ಕಥೆ ಮುಗೀತು.

ಎರಡನೇದು, ಐಗನ್ ಸಾಲ್ವರ್‌ನ ಹೆಂಗೆ ಕರೀತಿದ್ದೀರಿ ಅನ್ನೋದು. ಕಟ್ಟಡದ ಸಹಜ ಫ್ರೀಕ್ವೆನ್ಸಿಗಳನ್ನ, ಒಂದೊಂದರಲ್ಲೂ ಅದು ಅಲ್ಲಾಡೋ ಆಕಾರಾನ, ಅಂದ್ರೆ ಮೋಡ್‌ಗಳನ್ನ, ಹುಡುಕಿಕೊಡೋದು ಇದೇ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಲ್ಯಾಂಕ್ಜೋಸ್ ಮೆಥಡ್ ಇದೆ, 1950ರಲ್ಲಿ ಬಂದ ಐಡಿಯಾ, ಇವತ್ತಿಗೂ ದೊಡ್ಡ ಮಾಡೆಲ್‌ಗೆ ಅದೇ ಆಧಾರ. ಆದ್ರೆ ಅದು ಸ್ವಭಾವದಲ್ಲೇ ದೊಡ್ಡ ಐಗನ್ ವ್ಯಾಲ್ಯೂಗಳನ್ನ (ಫ್ರೀಕ್ವೆನ್ಸಿಯ ವರ್ಗದ ಜೊತೆ ಏರೋ ಸಂಖ್ಯೆಗಳು) ಬೇಗ ಹಿಡಿಯುತ್ತೆ, ನಮಗೆ ಬೇಕಾಗಿರೋದು ಕೆಳಗಿನ ಫ್ರೀಕ್ವೆನ್ಸಿಗಳು. ಬರೀ "ಚಿಕ್ಕದು ಕೊಡು" ಅಂತ ಕೇಳಿದ್ರೆ ಗಂಟೆಗಟ್ಲೆ ತಿರುಗುತ್ತೆ, ಕೆಲವೊಮ್ಮೆ ಕನ್ವರ್ಜೇ ಆಗಲ್ಲ. ಸಿಗ್ಮಾ (ಯಾವ ಐಗನ್ ವ್ಯಾಲ್ಯೂ ಸುತ್ತ ಹುಡುಕ್ಬೇಕು ಅನ್ನೋ ಸಂಖ್ಯೆ) ಕೊಟ್ಟು ಶಿಫ್ಟ್ ಇನ್ವರ್ಟ್‌ನಲ್ಲಿ ಕರೆದ್ರೆ ಒಂದು ಸಲ ಫ್ಯಾಕ್ಟರ್ ಮಾಡ್ಕೊಂಡು (ಮ್ಯಾಟ್ರಿಕ್ಸ್‌ನ ಸುಲಭ ತುಂಡುಗಳಾಗಿ ಬಿಡಿಸಿಟ್ಕೊಂಡು) ನಮಗೆ ಬೇಕಾದ ಜಾಗದ ಸುತ್ತಮುತ್ತ ಇರೋದನ್ನ ಪಟಪಟ ಕೊಡುತ್ತೆ. ಸಿಗ್ಮಾ ಸೊನ್ನೆ ಕೊಟ್ಟಾಗ ಫ್ಯಾಕ್ಟರ್ ಆಗಲ್ಲ ಅಂತ ಎರರ್ ಬಂದ್ರೆ ಅದನ್ನ ಸಾಲ್ವರ್ ತಪ್ಪು ಅನ್ಬೇಡಿ, ಮಾಡೆಲ್ ಎಲ್ಲೋ ಸಡಿಲ ಇದೆ ಅಂತ ಅರ್ಥ. ಆಗ ಚಿಕ್ಕ ನೆಗೆಟಿವ್ ಸಿಗ್ಮಾ ಕೊಟ್ಟು ಓಡ್ಸಿ, ಸೊನ್ನೆ ಹತ್ರ ಬರೋ ಮೋಡ್‌ಗಳನ್ನ ಅನಿಮೇಟ್ ಮಾಡಿ ನೋಡಿ, ಯಾವ ತುಂಡು ಗಾಳೀಲಿ ತೇಲ್ತಿದೆ ಅಂತ ಅದೇ ತೋರ್ಸುತ್ತೆ. ನನ್ನದ್ರಲ್ಲಿ ಕ್ರೇನ್ ಗರ್ಡರ್‌ನ ಒಂದು ತುದಿ ಬ್ರ್ಯಾಕೆಟ್‌ನ ನೋಡ್‌ಗೆ ಮರ್ಜ್ ಆಗಿರಲಿಲ್ಲ, ಎರಡು ನೋಡ್ ನಡುವೆ 2 ಮಿಮೀ ಗ್ಯಾಪು, ಸ್ಕ್ರೀನ್ ಮೇಲೆ ಒಂದೇ ಚುಕ್ಕೆ ತರ ಕಾಣ್ತಿತ್ತು.

ಅದಕ್ಕೇ ಡೈನಾಮಿಕ್‌ಗೆ ಹೋಗೋ ಮೊದಲು ಸ್ವಂತ ತೂಕಕ್ಕೆ ಒಂದು ಸ್ಟ್ಯಾಟಿಕ್ ರನ್ ಕೊಟ್ಟು ರಿಯಾಕ್ಷನ್‌ಗಳ ಮೊತ್ತ ಕೈಲೆಕ್ಕದ ತೂಕಕ್ಕೆ ಹೊಂದುತ್ತಾ ಅಂತ ನೋಡೋದು, ಎರಡು ನಿಮಿಷದ ಕೆಲ್ಸ.

ಫ್ರೀಕ್ವೆನ್ಸಿ ಮೂರು ಪಟ್ಟು ಆಚೀಚೆ

ಇದು ಯುನಿಟ್ ತಪ್ಪು, ಬೇರೆ ಏನೂ ಹುಡುಕ್ಬೇಡಿ. ಮೀಟರ್, ಕಿಲೋನ್ಯೂಟನ್ನಲ್ಲಿ ಮಾಡೆಲ್ ಮಾಡಿದ್ರೆ ಮಾಸ್ ಟನ್‌ನಲ್ಲಿ ಇರ್ಬೇಕು, ಕಾಂಕ್ರೀಟ್‌ಗೆ ಘನ ಮೀಟರ್‌ಗೆ 2.5ರ ಹತ್ರ. ಅಲ್ಲಿ ತೂಕದ 25 ಹಾಕಿದ್ರೆ ಮಾಸ್ 9.81 ಪಟ್ಟು ಆಗುತ್ತೆ, ಫ್ರೀಕ್ವೆನ್ಸಿ ಅದರ ವರ್ಗಮೂಲದಷ್ಟು, ಅಂದ್ರೆ 3.13 ಪಟ್ಟು ಇಳಿಯುತ್ತೆ. ಮಿಲಿಮೀಟರ್, ನ್ಯೂಟನ್‌ನಲ್ಲಿ ಮಾಡಿ ಮಾಸ್ ಕೆಜಿಯಲ್ಲಿ ಕೊಟ್ರೆ ವ್ಯತ್ಯಾಸ 31.6 ಪಟ್ಟು. ಈ ಎರಡು ಸಂಖ್ಯೆ ನೆನಪಿಟ್ಕೊಳ್ಳಿ, ನಿಮ್ಮ ಕೈಲೆಕ್ಕಕ್ಕೂ ಸಾಫ್ಟ್‌ವೇರ್‌ಗೂ ನಡುವೆ ಈ ಅನುಪಾತ ಕಂಡ್ರೆ ಅಲ್ಲಿಗೇ ಕೈ ಹಾಕಿ.

ಮಾಸ್‌ದೇ ಇನ್ನೊಂದು ತಪ್ಪು ಕೆಆರ್‌ಎಸ್ ತರದ ಕಟ್ಟೆಗಳ ಮಾಡೆಲ್ ಮಾಡೋರಲ್ಲಿ ನೋಡಿದ್ದೀನಿ. ಭೂಕಂಪ ಬಂದಾಗ ಕಟ್ಟೆ ಜೊತೆ ಒಂದಷ್ಟು ನೀರೂ ಅಲ್ಲಾಡುತ್ತೆ, ಅದನ್ನ ವೆಸ್ಟರ್‌ಗಾರ್ಡ್ 1933ರಲ್ಲಿ ಹೇಳಿದ ಹಂಗೆ ಆಡೆಡ್ ಮಾಸ್ ಅಂತ ಕಟ್ಟೆಯ ನೀರಿನ ಕಡೆ ಮೈಗೆ ಅಂಟಿಸ್ತೀವಿ. ಕಟ್ಟೆ ಪೂರ್ತಿ ತುಂಬಿ 124.80 ಅಡಿ ಇದ್ದಾಗ, ಅಂದ್ರೆ ಸುಮಾರು 38 ಮೀಟರ್, ತಳದಲ್ಲಿ ಚದರ ಮೀಟರ್‌ಗೆ 33 ಟನ್ ಬರುತ್ತೆ, ಅದು ಸಣ್ಣ ಮಾಸ್ ಅಲ್ಲ. ಇದು ಮೈಗೆ ಲಂಬವಾದ ದಿಕ್ಕಿಗೆ ಮಾತ್ರ ಸೇರ್ಬೇಕು. ಮೂರೂ ದಿಕ್ಕಿಗೆ ಕೊಟ್ಬಿಟ್ರೆ ನೀರು ಕಟ್ಟೆ ಜೊತೆ ಮೇಲೆ ಕೆಳಗೂ ಕುಣಿಯೋ ಹಂಗೆ ಲೆಕ್ಕ ಆಗುತ್ತೆ, ಮಾಸ್ ಪಾರ್ಟಿಸಿಪೇಷನ್ ಟೇಬಲ್ (ಯಾವ ಮೋಡ್‌ನಲ್ಲಿ ಎಷ್ಟು ಮಾಸ್ ಅಲ್ಲಾಡುತ್ತೆ ಅನ್ನೋ ಪಟ್ಟಿ) ಪೂರ್ತಿ ಕೆಡುತ್ತೆ, ಸಾಫ್ಟ್‌ವೇರ್ ಆ ಮಾಸ್‌ನ ತೂಕಕ್ಕೂ ತಗೊಂಡ್ರೆ ರಿಯಾಕ್ಷನ್ ಕೂಡ ಜಾಸ್ತಿ ತೋರ್ಸುತ್ತೆ.

300 ಮೋಡ್ ತೆಗೆದ್ರೂ 90 ಪರ್ಸೆಂಟ್ ಮಾಸ್ ಬರ್ತಿಲ್ಲ

ನಾನು ಜಾಸ್ತಿ ದಿನ ಸಿಕ್ಕಾಕೊಂಡಿದ್ದು ಇಲ್ಲೇ. ನಮ್ಮ ಭೂಕಂಪ ಡಿಸೈನ್ ಕೋಡ್ ಐಎಸ್ 1893ರ 2016ರ ಆವೃತ್ತಿ ಪ್ರಕಾರ ತಗೊಳ್ಳೋ ಮೋಡ್‌ಗಳ ಒಟ್ಟು ಮೋಡಲ್ ಮಾಸ್ ಕನಿಷ್ಠ 90 ಪರ್ಸೆಂಟ್ ಇರ್ಬೇಕು. ಮೈಸೂರು ಮಂಡ್ಯ ಅದ್ರಲ್ಲಿ ಜೋನ್ 2, ಜೋನ್ ಫ್ಯಾಕ್ಟರ್ 0.10, ನಡುಗೋದು ಕಮ್ಮಿ ಅಂತ ಈ ಲೆಕ್ಕ ಬಿಡೋಕಾಗಲ್ಲ. ನಾನು 100 ಕೇಳ್ದೆ, 41 ಪರ್ಸೆಂಟ್ ಬಂತು. 200 ಕೇಳ್ದೆ, 52. 300ಕ್ಕೆ 58. ಒಂದೊಂದು ಸಲಾನೂ ರನ್ ಟೈಮ್ ಏರ್ತಾ ಹೋಯ್ತು, ಇನ್ನೂ ಕೇಳ್ಬೇಕು ಅಂತಲೇ ಅನ್ಸೋದು.

ಆಮೇಲೆ ಕೂತು ಒಂದೊಂದೇ ಮೋಡ್ ಅನಿಮೇಟ್ ಮಾಡಿ ನೋಡಿದಾಗ ಗೊತ್ತಾಯ್ತು. 4 ಹರ್ಟ್ಜ್‌ನಿಂದ 9 ಹರ್ಟ್ಜ್ ತನಕ ಎಲ್ಲಾ ಮೋಡೂ ಛಾವಣಿಯ ಪರ್ಲಿನ್‌ಗಳದ್ದೇ (ಶೀಟು ಹೊರೋ ಸಣ್ಣ ಅಡ್ಡ ತೊಲೆಗಳು). ಒಂದೊಂದು ಪರ್ಲಿನ್‌ನ ಆರಾರು ತುಂಡು ಮಾಡಿ ಮೆಶ್ ಮಾಡಿದ್ದೆ, ಮಧ್ಯದ ನೋಡ್‌ಗಳಿಗೆ ಹಿಡಿತ ಇಲ್ಲ, ಒಂದು ಪರ್ಲಿನ್ ಬಾಗುತ್ತೆ, ಮುಂದಿನ ಮೋಡಲ್ಲಿ ಪಕ್ಕದ್ದು ಬಾಗುತ್ತೆ, ಹಿಂಗೇ ಗಾಳಿಗೆ ಕಬ್ಬಿನ ಗರಿ ಒಂದಾದ ಮೇಲೊಂದು ಬಳುಕಿದಂಗೆ. ಫ್ರೇಮ್ ಅಲ್ಲಾಡ್ತಾನೇ ಇಲ್ಲ. ಸಾಲ್ವರ್ ಪಾಪ ಕೇಳಿದ್ದನ್ನ ಸರಿಯಾಗೇ ಕೊಟ್ಟಿದೆ, ಕೇಳಿದ್ದು ತಪ್ಪು.

ಇದಕ್ಕೆ ಎರಡು ದಾರಿ. ಮೊದಲನೇದು ಮಾಡೆಲ್ಲಲ್ಲೇ ಸರಿ ಮಾಡೋದು, ಪರ್ಲಿನ್‌ಗಳನ್ನ ತೆಗೆದು ಅವುಗಳ ಮತ್ತೆ ಶೀಟಿನ ಮಾಸ್‌ನ ರಾಫ್ಟರ್ ನೋಡ್‌ಗಳಿಗೆ ಹಂಚೋದು, ಛಾವಣಿ ಬ್ರೇಸಿಂಗ್ ಇದ್ರೆ ಅದನ್ನ ಮಾತ್ರ ಹಂಗೇ ಬಿಡೋದು. ಪರ್ಲಿನ್ ಡಿಸೈನ್ ಬೇರೆ ಲೆಕ್ಕ, ಅದಕ್ಕೂ ಇದಕ್ಕೂ ಒಂದೇ ಮಾಡೆಲ್ ಬೇಕಾಗಿಲ್ಲ. ಎರಡನೇದು ರಿಟ್ಜ್ ವೆಕ್ಟರ್. ವಿಲ್ಸನ್ ಮತ್ತು ಅವರ ಜೊತೆಯವರು 1982ರಲ್ಲಿ ಕೊಟ್ಟ ದಾರಿ ಇದು, ಕಟ್ಟಡದ ಸಹಜ ಮೋಡ್‌ಗಳನ್ನ ಕೆಳಗಿಂದ ವರಸೆಯಾಗಿ ತಗೊಳ್ಳೋ ಬದ್ಲು, ನಮ್ಮ ಲೋಡ್‌ಗೆ ಕಟ್ಟಡ ಮೊದಲು ಸ್ಟ್ಯಾಟಿಕ್ ಆಗಿ ಹೆಂಗೆ ಬಾಗುತ್ತೆ ಅಂತ ನೋಡಿ, ಆ ಆಕಾರದ ಮಾಸ್ ಫೋರ್ಸ್‌ನ ಮತ್ತೆ ಲೋಡ್ ಮಾಡಿ, ಅದ್ರಿಂದ ಮುಂದಿನ ಆಕಾರ, ಹಿಂಗೆ ಒಂದಕ್ಕೊಂದು ಆರ್ಥೋಗೊನಲ್ ಮಾಡ್ಕೊಂಡು ಹೋಗೋದು. ಲೋಡ್ ಮುಟ್ಟದೇ ಇರೋ ಪರ್ಲಿನ್ ಮೋಡ್‌ಗಳು ಹತ್ರಾನೇ ಬರಲ್ಲ. ನನ್ನ ಮಾಡೆಲ್‌ನಲ್ಲಿ 40 ರಿಟ್ಜ್ ವೆಕ್ಟರ್‌ಗೆ ಎರಡೂ ಅಡ್ಡ ದಿಕ್ಕಿಗೆ 93 ಪರ್ಸೆಂಟ್ ದಾಟ್ತು.

ಆದ್ರೆ ರಿಟ್ಜ್‌ನ ಕಣ್ಣುಮುಚ್ಕೊಂಡು ನಂಬಬೇಡಿ, ಎರಡು ಕಡೆ ಜಾರುತ್ತೆ. ಮೊದಲನೇದು, ಮೇಲಿನ ರಿಟ್ಜ್ ಫ್ರೀಕ್ವೆನ್ಸಿಗಳು ಕಟ್ಟಡದ ನಿಜವಾದ ಸಹಜ ಫ್ರೀಕ್ವೆನ್ಸಿ ಅಲ್ಲ, ರಿಪೋರ್ಟ್‌ನಲ್ಲಿ ಅದನ್ನ ನ್ಯಾಚುರಲ್ ಫ್ರೀಕ್ವೆನ್ಸಿ ಅಂತ ಬರೆದ್ರೆ ತಪ್ಪಾಗುತ್ತೆ. ಎರಡನೇದು ಇನ್ನೂ ಮುಖ್ಯ, ನೀವು ಯಾವ ಲೋಡ್ ಕೊಟ್ಟು ಶುರು ಮಾಡಿದ್ರೋ ಅದಕ್ಕೆ ಮಾತ್ರ ಅವು ಒಳ್ಳೇವು. ನಾನು ಭೂಕಂಪದ ಎರಡು ದಿಕ್ಕು ಮಾತ್ರ ಕೊಟ್ಟಿದ್ದೆ. ಜನರೇಟರ್ ಬೇರಿಂಗ್ ಹತ್ರ ರೋಟರ್ ಅನ್‌ಬ್ಯಾಲೆನ್ಸ್ ಬಲ ಕೊಟ್ಟಿರಲೇ ಇಲ್ಲ, ಆದ್ರಿಂದ ಡೆಕ್ ಅಲ್ಲಾಡೋ ಮೋಡ್ ಆ 40ರಲ್ಲಿ ಸರಿಯಾಗಿ ಬಂದೇ ಇರಲಿಲ್ಲ. 93 ಪರ್ಸೆಂಟ್ ಅಂತ ಟೇಬಲ್ ಹೇಳ್ತಿತ್ತು, ಅದು ಭೂಕಂಪದ ಲೆಕ್ಕ, ಮೆಷಿನ್‌ದಲ್ಲ.

ಮೋಡ್ ಮಧ್ಯದಲ್ಲಿ ಯಾವುದಾದ್ರೂ ತಪ್ಪಿಹೋಗಿದೆ ಅಂತ ಅನುಮಾನ ಬಂದ್ರೆ ಸ್ಟರ್ಮ್ ಚೆಕ್ ನೋಡಿ. ಸ್ಟಿಫ್‌ನೆಸ್‌ನಿಂದ ಸಿಗ್ಮಾ ಪಟ್ಟು ಮಾಸ್ ಕಳೆದು ಫ್ಯಾಕ್ಟರ್ ಮಾಡಿದಾಗ ಕರ್ಣದಲ್ಲಿ ಎಷ್ಟು ನೆಗೆಟಿವ್ ಬರುತ್ತೋ, ಸಿಗ್ಮಾಗಿಂತ ಕೆಳಗೆ ಅಷ್ಟೇ ಐಗನ್ ವ್ಯಾಲ್ಯೂ ಇರ್ಬೇಕು. ಎಣಿಸಿದ್ರೆ ಸಾಕು. ಸುಮಾರು ಸಾಫ್ಟ್‌ವೇರ್‌ಗಳು ಇದನ್ನ ಔಟ್‌ಪುಟ್ ಫೈಲ್‌ನಲ್ಲಿ ಒಂದು ಸಾಲು ಬರೆದಿರುತ್ವೆ, ಯಾರೂ ಓದಲ್ಲ ಅಷ್ಟೆ. ಒಂದೇ ತರದ ಎರಡು ಭಾಗ ಇರೋ ಕಟ್ಟಡದಲ್ಲಿ ಇದು ತುಂಬಾ ಬೇಕಾಗುತ್ತೆ, ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ನೆನಪಿಸ್ಕೊಳ್ಳಿ, ಅಂಥ ಆಕಾರದಲ್ಲಿ ಎರಡೂ ಗೋಪುರ ಒಟ್ಟಿಗೆ ಒಂದೇ ಕಡೆ ವಾಲೋ ಮೋಡು, ಎದುರುಬದುರು ವಾಲೋ ಮೋಡು, ಎರಡರ ಫ್ರೀಕ್ವೆನ್ಸಿ ಅಂಟ್ಕೊಂಡೇ ಇರುತ್ತೆ. ಒಂದು ಸಿಕ್ಕಿ ಇನ್ನೊಂದು ಬಿಟ್ಟುಹೋಗಬಹುದು. ಹಂಗೆ 10 ಪರ್ಸೆಂಟ್ ಒಳಗೆ ಹತ್ರ ಇರೋ ಮೋಡ್‌ಗಳಿದ್ರೆ ಎಸ್‌ಆರ್‌ಎಸ್‌ಎಸ್‌ನಲ್ಲಿ (ವರ್ಗಗಳ ಮೊತ್ತದ ವರ್ಗಮೂಲ) ಕೂಡಿಸ್ಬೇಡಿ, ಮೋಡ್‌ಗಳ ನಡುವಿನ ಸಂಬಂಧಾನೂ ಲೆಕ್ಕಕ್ಕೆ ತಗೊಳ್ಳೋ ಸಿಕ್ಯುಸಿ ಹಾಕಿ.

ಟೈಮ್ ಹಿಸ್ಟರಿ ರಾತ್ರಿಯಿಡೀ ಓಡುತ್ತೆ

ಟೈಮ್ ಹಿಸ್ಟರಿ ಅಂದ್ರೆ ಅಲುಗಾಟಾನ ಕ್ಷಣಕ್ಷಣಕ್ಕೂ ಲೆಕ್ಕ ಹಾಕೋದು. 20 ಸೆಕೆಂಡ್ ಹಿಸ್ಟರಿ, 0.002 ಸೆಕೆಂಡ್ ಸ್ಟೆಪ್, 10,000 ಸ್ಟೆಪ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಫ್ಯಾಕ್ಟರೈಸೇಷನ್‌ಗೆ 8 ಸೆಕೆಂಡ್ ಹಿಡೀತಿತ್ತು, ಫ್ಯಾಕ್ಟರ್ ಆದ್ಮೇಲೆ ಒಂದು ಸಾಲ್ವ್‌ಗೆ 0.2 ಸೆಕೆಂಡ್. ಸ್ಕ್ರಿಪ್ಟ್‌ನಲ್ಲಿ ಫ್ಯಾಕ್ಟರ್ ಮಾಡೋ ಸಾಲು ಲೂಪ್ ಒಳಗಿತ್ತು. 80,000 ಸೆಕೆಂಡ್, 22 ಗಂಟೆ. ಅದನ್ನ ಲೂಪ್‌ನಿಂದ ಆಚೆ ತಂದೆ, ಅಷ್ಟೇ, ಅರ್ಧ ಗಂಟೆ ಚಿಲ್ರೆಗೆ ಮುಗೀತು. ಲೀನಿಯರ್ ಮಾಡೆಲ್, ಸ್ಟೆಪ್ ಒಂದೇ ಇದ್ರೆ ನ್ಯೂಮಾರ್ಕ್‌ನ (ಸ್ಟೆಪ್ ಸ್ಟೆಪ್ಪಾಗಿ ಲೆಕ್ಕ ಹಾಕೋ ಮೆಥಡ್) ಎಫೆಕ್ಟಿವ್ ಸ್ಟಿಫ್‌ನೆಸ್ ಬದಲಾಗೋದೇ ಇಲ್ಲ, ಒಂದು ಸಲ ಫ್ಯಾಕ್ಟರ್ ಮಾಡಿ ಕೊನೆ ತನಕ ಅದನ್ನೇ ಬಳಸಿ. ಸಿದ್ಧ ಸಾಫ್ಟ್‌ವೇರ್ ಬಳಸೋರು ಆಟೋ ಸ್ಟೆಪ್ ಆನ್ ಇದ್ಯಾ ನೋಡಿ, ಸ್ಟೆಪ್ ಬದಲಾದಾಗೆಲ್ಲಾ ಮತ್ತೆ ಫ್ಯಾಕ್ಟರ್ ಆಗುತ್ತೆ.

ಈ 22 ಗಂಟೆ ತಪ್ಪಿಸೋಕೆ ಅಂತ ನಾನು ಮೊದಲು ಮಾಡಿದ್ದು ಇನ್ನೂ ದೊಡ್ಡ ತಪ್ಪು, ಸ್ಟೆಪ್‌ನ 0.01 ಮಾಡಿದ್ದು. ಆವರೇಜ್ ಆಕ್ಸಲರೇಷನ್ ನ್ಯೂಮಾರ್ಕ್ ಯಾವ ಸ್ಟೆಪ್‌ಗೂ ಸ್ಫೋಟ ಆಗಲ್ಲ, ಅದು ನಿಜ, ಆದ್ರೆ ಸ್ಟೇಬಲ್ ಅಂದ್ರೆ ಸರಿ ಅಂತಲ್ಲ. ಜನರೇಟರ್ 1500 ಆರ್‌ಪಿಎಂ, ಅಂದ್ರೆ 25 ಹರ್ಟ್ಜ್, ಒಂದು ಸುತ್ತಿಗೆ 0.04 ಸೆಕೆಂಡ್. 0.01 ಸ್ಟೆಪ್ ಅಂದ್ರೆ ಸುತ್ತಿಗೆ ನಾಲ್ಕೇ ಬಿಂದು. ಈ ಮೆಥಡ್ ಪೀರಿಯಡ್‌ನ ಉದ್ದ ಮಾಡುತ್ತೆ, ಲೆಕ್ಕ ಹಾಕಿ ನೋಡಿದ್ರೆ 25 ಹರ್ಟ್ಜ್‌ನ ಮೋಡು ಆ ಸ್ಟೆಪ್‌ನಲ್ಲಿ 21.2 ಹರ್ಟ್ಜ್‌ದು ಅನ್ನೋ ಹಂಗೆ ವರ್ತಿಸುತ್ತೆ. ಮೆಷಿನ್ 25ರಲ್ಲಿ ತಳ್ತಿದೆ, ಮಾಡೆಲ್ 21ರಲ್ಲಿ ಕೂತಿದೆ, ರೆಸೊನೆನ್ಸ್ (ಎರಡರ ಫ್ರೀಕ್ವೆನ್ಸಿ ಹೊಂದಿ ಅಲುಗಾಟ ಏರೋದು) ಲೆಕ್ಕದಲ್ಲಿ ಕಾಣ್ಲೇ ಇಲ್ಲ. ಗ್ರಾಫ್ ನೋಡೋಕೆ ನುಣುಪಾಗಿ ಚೆನ್ನಾಗೇ ಇತ್ತು, ಅನುಮಾನ ಬರೋ ಹಂಗೇ ಇರಲಿಲ್ಲ, ನನಗೆ ಇವತ್ತಿಗೂ ಭಯ ಆಗೋದು ಅದೇ. 0.002ಕ್ಕೆ ಅದೇ ಮೋಡು 24.8 ಬರುತ್ತೆ, 0.001ಕ್ಕೆ 24.95. ಸ್ಟೆಪ್ ಅರ್ಧ ಮಾಡಿ ಇನ್ನೊಂದು ಸಲ ಓಡ್ಸಿ, ಉತ್ತರ ಅಲ್ಲಾಡಿದ್ರೆ ಮೊದಲಿನದ್ದು ತಪ್ಪು.

ಇನ್ನೂ ಒಳ್ಳೇ ದಾರಿ ಅಂದ್ರೆ ಒಂದೇ ಸ್ಪೀಡ್‌ನಲ್ಲಿ ತಿರುಗೋ ಮೆಷಿನ್‌ಗೆ ಟೈಮ್ ಹಿಸ್ಟರಿನೇ ಬೇಡ. ಮೋಡ್‌ಗಳು ಕೈಲಿದ್ರೆ ಫ್ರೀಕ್ವೆನ್ಸಿ ಸ್ವೀಪ್ ಮಾಡಿ, 5ರಿಂದ 40 ಹರ್ಟ್ಜ್ ತನಕ, ಒಂದೊಂದು ಮೋಡು ಒಂದೊಂದು ಸಣ್ಣ ಸಮೀಕರಣ, ಸೆಕೆಂಡ್‌ಗಳಲ್ಲಿ ಮುಗಿಯುತ್ತೆ, ಗುಡ್ಡ ಎಲ್ಲಿ ಏಳುತ್ತೆ ಅಂತ ಕಣ್ಣಿಗೇ ಕಾಣುತ್ತೆ. ಭೂಕಂಪದ ಹಿಸ್ಟರಿಗೂ ಮೋಡಲ್‌ನಲ್ಲೇ ಮಾಡಿದ್ರೆ, ರೆಕಾರ್ಡ್‌ನ ಎರಡು ಬಿಂದು ನಡುವೆ ನೇರ ಗೆರೆ ಅಂತ ತಗೊಂಡು ನಿಖರ ಸೂತ್ರ ಹಾಕಬಹುದು, ಪೀರಿಯಡ್ ಉದ್ದ ಆಗೋ ಈ ಕಾಟಾನೇ ಇರಲ್ಲ.

ಎಕ್ಸ್‌ಪ್ಲಿಸಿಟ್‌ನಲ್ಲಿ (ಹಿಂದಿನ ಸ್ಟೆಪ್‌ನಿಂದ ನೇರವಾಗಿ ಮುಂದಿನದು ತೆಗೆಯೋ ಮೆಥಡ್) ಓಡ್ಸಿ ಸಂಖ್ಯೆಗಳು ಆಕಾಶಕ್ಕೆ ಹೋಗ್ತಿದ್ರೆ, ಮೆಶ್‌ನಲ್ಲಿರೋ ಅತಿ ಚಿಕ್ಕ ಪೀರಿಯಡ್‌ನ ಪೈನಿಂದ ಭಾಗಿಸಿ, ಸ್ಟೆಪ್ ಅದಕ್ಕಿಂತ ಕಮ್ಮಿ ಇರ್ಬೇಕು. ಸಾಮಾನ್ಯವಾಗಿ ಎಲ್ಲೋ ಒಂದು ಪುಟ್ಟ ಗಟ್ಟಿ ಎಲಿಮೆಂಟ್ ಇಡೀ ಮಾಡೆಲ್‌ನ ಸ್ಟೆಪ್ ನಿರ್ಧಾರ ಮಾಡ್ತಿರುತ್ತೆ.

ಅಲುಗಾಟ ತೀರಾ ಕಮ್ಮಿ ಬರ್ತಿದೆ

ಡ್ಯಾಂಪಿಂಗ್, ಅಂದ್ರೆ ಅಲುಗಾಟ ತಾನಾಗೇ ಕರಗೋ ಪ್ರಮಾಣ, ನೋಡಿ. ನಾನು ಭೂಕಂಪದ ಮಾಡೆಲ್‌ನಿಂದ ರೇಲಿ ಡ್ಯಾಂಪಿಂಗ್ (ಆಲ್ಫಾ ಪಟ್ಟು ಮಾಸ್, ಬೀಟಾ ಪಟ್ಟು ಸ್ಟಿಫ್‌ನೆಸ್ ಕೂಡಿದ್ದು) ಕಾಪಿ ಮಾಡಿದ್ದೆ, 1 ಹರ್ಟ್ಜ್ ಮತ್ತೆ 10 ಹರ್ಟ್ಜ್‌ನಲ್ಲಿ 5 ಪರ್ಸೆಂಟ್ ಬರೋ ಹಂಗೆ ಹೊಂದಿಸಿದ್ದು, ಆಲ್ಫಾ 0.571, ಬೀಟಾ 0.00145. ನಡುವೆ 3 ಹರ್ಟ್ಜ್ ಹತ್ರ ಅದು 2.9 ಪರ್ಸೆಂಟ್‌ಗೆ ಇಳಿಯುತ್ತೆ, 10 ದಾಟಿದ ಮೇಲೆ ಬೀಟಾ ಭಾಗ ಏರ್ತಾನೇ ಹೋಗುತ್ತೆ, 25 ಹರ್ಟ್ಜ್‌ನಲ್ಲಿ 11.5 ಪರ್ಸೆಂಟ್. ರೆಸೊನೆನ್ಸ್‌ನಲ್ಲಿ ಅಲುಗಾಟ ಎಷ್ಟು ಪಟ್ಟು ಹೆಚ್ಚುತ್ತೆ ಅನ್ನೋದು ಡ್ಯಾಂಪಿಂಗ್‌ನ ಎರಡರಷ್ಟರಿಂದ ಒಂದನ್ನ ಭಾಗಿಸಿದಷ್ಟು. 2 ಪರ್ಸೆಂಟ್ ಇದ್ರೆ 25 ಪಟ್ಟು, 11.5 ಇದ್ರೆ 4 ಚಿಲ್ರೆ ಪಟ್ಟು. ಆಪರೇಟರ್ ಕಾಲಿಗೆ ಗೊತ್ತಾಗೋ ಅಲುಗಾಟಾನ ನನ್ನ ಬೀಟಾ ನುಂಗಾಕಿತ್ತು. ಮೋಡ್ ಮೋಡ್‌ಗೆ ಬೇರೆ ಬೇರೆ ಡ್ಯಾಂಪಿಂಗ್ ಕೊಡೋ ಅವಕಾಶ ಇದ್ದಾಗ ರೇಲಿ ಹಾಕೋದೇ ಬೇಡ, ಹಾಕಲೇಬೇಕಾದ್ರೆ ನಿಮಗೆ ಬೇಕಾದ ಫ್ರೀಕ್ವೆನ್ಸಿ ಎರಡು ಬಿಂದುಗಳ ನಡುವೆ ಬರೋ ಹಂಗೆ ಹೊಂದಿಸಿ.

ಚಿಕ್ಕದು ಮಾಡಿದ ಮಾಡೆಲ್ ಬೇರೇನೇ ಹೇಳ್ತಿದೆ

ದೊಡ್ಡ ಮಾಡೆಲ್‌ನ ಚಿಕ್ಕದು ಮಾಡೋ ಗಯಾನ್ ರಿಡಕ್ಷನ್ 1965ರದ್ದು, ಸುಲಭ, ಬೇಗ ಆಗುತ್ತೆ. ಕೆಲವು ನೋಡ್‌ಗಳನ್ನ ಮಾಸ್ಟರ್ ಅಂತ ಇಟ್ಕೊಂಡು ಮಿಕ್ಕಿದ್ದು ಅವುಗಳ ಹಿಂದೆ ಸ್ಟ್ಯಾಟಿಕ್ ಆಗಿ ಬರುತ್ತೆ ಅಂತ ಲೆಕ್ಕ. ಅದಕ್ಕೇ ಫ್ರೀಕ್ವೆನ್ಸಿ ಯಾವಾಗ್ಲೂ ನಿಜಕ್ಕಿಂತ ಮೇಲೇ ಬರುತ್ತೆ, ಕೆಳಗಿನ ಮೋಡ್‌ಗಳಲ್ಲಿ ಗೊತ್ತಾಗಲ್ಲ, ಮೇಲಕ್ಕೆ ಹೋದಂಗೆ ಜಾಸ್ತಿ ಆಗುತ್ತೆ. ನಾನು ಕಾಲಮ್ ತಲೆಗಳನ್ನ ಮಾತ್ರ ಮಾಸ್ಟರ್ ಮಾಡಿದ್ದೆ, ಡೆಕ್ಕಿನ ಅಡ್ಡ ಮೋಡ್ 29.5 ಹರ್ಟ್ಜ್ ಬಂತು. ಮೆಷಿನ್ ಸ್ಪೀಡ್‌ನಿಂದ 20 ಪರ್ಸೆಂಟ್ ದೂರ ಇಡೋದು ರೂಢಿ, ಅಂದ್ರೆ 30, ಹತ್ರಹತ್ರ ಆಚೆ ಇದೆ ಅಂತ ಸಮಾಧಾನ ಆಗಿತ್ತು. ಪೂರ್ತಿ ಮಾಡೆಲ್‌ಗೆ ಸಿಗ್ಮಾನ 25 ಹರ್ಟ್ಜ್ ಹತ್ರ ಇಟ್ಟು ಲ್ಯಾಂಕ್ಜೋಸ್ ಓಡ್ಸಿದಾಗ ಬಂದಿದ್ದು 25.8.

ಆಮೇಲೆ ಮಾಡೆಲ್‌ನ ತುಂಡುತುಂಡಾಗಿ ಚಿಕ್ಕದು ಮಾಡೋ ಕ್ರೇಗ್ ಬ್ಯಾಂಪ್ಟನ್‌ಗೆ ಬದಲಾಯಿಸ್ದೆ, 1968ರದ್ದು. ಶೆಡ್ ಒಂದು ತುಂಡು, ರಾಫ್ಟ್ ಸಮೇತ ಡೆಕ್ ಒಂದು ತುಂಡು. ಎರಡೂ ಸೇರೋ 46 ನೋಡ್ ಹಂಗೇ ಇಟ್ಟೆ, 276 ಡಿಗ್ರಿ ಆಫ್ ಫ್ರೀಡಮ್ ಆಯ್ತು. ಆ ಗಡಿ ಬಿಗಿಹಿಡಿದು ಒಂದೊಂದು ತುಂಡಿನ ಮೋಡ್‌ಗಳನ್ನ 60 ಹರ್ಟ್ಜ್ ತನಕ ತಗೊಂಡೆ, ಬೇಕಾದ ಫ್ರೀಕ್ವೆನ್ಸಿಯ ಎರಡರಷ್ಟು ತನಕ ತಗೊಂಡ್ರೆ ಸಾಕು, ನಾನು ಸ್ವಲ್ಪ ಜಾಸ್ತಿನೇ ತಗೊಂಡೆ. ಶೆಡ್‌ಗೆ 90, ಅದೂ ಪರ್ಲಿನ್ ತೆಗೆದ ಮೇಲೆ, ಡೆಕ್‌ಗೆ 35. 2 ಲಕ್ಷ ಇದ್ದಿದ್ದು 401ಕ್ಕೆ ಬಂತು, ಡೆಕ್ ಮೋಡ್ 25.8 ಅಂತಲೇ ಬಂತು. ಇಲ್ಲೂ ಒಂದು ಹುಷಾರು, ಗಡಿಯಲ್ಲಿ ಸಾವಿರಾರು ನೋಡ್ ಬಿಟ್ರೆ ಚಿಕ್ಕ ಮ್ಯಾಟ್ರಿಕ್ಸ್ ಸ್ಪಾರ್ಸ್ ಆಗಿರಲ್ಲ, ತುಂಬಿರುತ್ತೆ, ಪೂರ್ತಿ ಮಾಡೆಲ್‌ಗಿಂತ ನಿಧಾನ ಆಗಬಹುದು. ತುಂಡು ಮಾಡೋ ಜಾಗ ಸಣ್ಣ ಕುತ್ತಿಗೆ ತರ ಇರ್ಬೇಕು.

ಇದ್ರ ಅನುಕೂಲ ಸರಿಮಾಡೋಕೆ ಕೂತಾಗ ಗೊತ್ತಾಯ್ತು. 25.8 ಮೆಷಿನ್‌ಗಿಂತ ಸ್ವಲ್ಪ ಮೇಲಿದೆ, ಹಂಗಾಗಿ ಡೆಕ್‌ನ ಇನ್ನೂ ಗಟ್ಟಿ ಮಾಡಿ ಮೇಲಕ್ಕೆ ತಳ್ಳೋದೇ ಸರಿ, ಸಡಿಲ ಮಾಡಿದ್ರೆ ಮೆಷಿನ್ ಪ್ರತಿ ಸಲ ಶುರುವಾಗುವಾಗಲೂ ಆ ಮೋಡ್‌ನ ದಾಟ್ಕೊಂಡೇ ಹೋಗ್ಬೇಕು. ಕಾಲಮ್‌ಗಳ ನಡುವೆ ಕಾಂಕ್ರೀಟ್ ಗೋಡೆ ಎಲ್ಲೆಲ್ಲಿ, ಎಷ್ಟು ದಪ್ಪ ಅಂತ ಹನ್ನೊಂದು ತರ ಮಾಡಿ ನೋಡ್ದೆ. ಪ್ರತಿ ಸಲಾನೂ ಡೆಕ್ ತುಂಡು ಮಾತ್ರ ಮತ್ತೆ ರೆಡ್ಯೂಸ್ ಆಗ್ತಿತ್ತು, ಶೆಡ್ಡಿನದು ಮೊದಲೇ ಉಳಿಸಿಟ್ಟಿದ್ದೇ, ಒಂದೊಂದಕ್ಕೆ 4 ನಿಮಿಷ. ಹನ್ನೊಂದನೇದರಲ್ಲಿ ಮೋಡ್ 33.4ಕ್ಕೆ ಹೋಯ್ತು, ಪೈಪ್‌ಗಳಿಗೂ ಗೋಡೆ ಅಡ್ಡ ಬರಲಿಲ್ಲ, ಡ್ರಾಯಿಂಗ್ ಕೊಟ್ವಿ.